18446744073709551615 (ಸಂಖ್ಯೆ)

18446744073709551615 ಎಂಬುದು ಇಪ್ಪತ್ತು ಅಂಕಿಗಳುಳ್ಳ ಒಂದು ಬೆಸ ಪೂರ್ಣಸಂಖ್ಯೆ. ಅರವತ್ನಾಲ್ಕು ಎರಡುಗಳನ್ನು ಒಂದಕ್ಕೊಂದು ಗುಣಿಸಿದಾಗ ದೊರೆಯುವ ಸಂಖ್ಯೆಗಿಂತ ಇದು ಒಂದು ಕಡಿಮೆ. ಆದ್ದರಿಂದ ಗಣಿತದಲ್ಲಿ ಇದನ್ನು ಸಂಕ್ಷಿಪ್ತವಾಗಿ 2⁶⁴ − 1 ಎಂದು ಬರೆಯುತ್ತಾರೆ. ಚದುರಂಗದ ಮಣೆ ಮತ್ತು ಧಾನ್ಯದ ಕಾಳುಗಳ ಪ್ರಸಿದ್ಧ ಕಥೆಯಲ್ಲಿ ಬರುವ ಒಟ್ಟು ಮೊತ್ತ ಇದೇ. ಹನೋಯ್ ಗೋಪುರವೆಂಬ ಒಗಟಿನ ಉತ್ತರವೂ, 64 ಬಿಟ್‌ಗಳಲ್ಲಿ ಗಣಕಯಂತ್ರವು ಹಿಡಿದಿಡಬಲ್ಲ ಅತಿ ದೊಡ್ಡ ಪೂರ್ಣಸಂಖ್ಯೆಯೂ ಇದೇ ಆಗಿದೆ.

ಒಂದೊಂದಾಗಿ ಎಣಿಸಿ ಈ ಸಂಖ್ಯೆಯನ್ನು ಮುಟ್ಟುವುದು ಯಾವ ಮನುಷ್ಯನಿಗೂ ಸಾಧ್ಯವಿಲ್ಲ. ಆದರೂ ಇದರ ಕೊನೆಯ ಅಂಕಿಯವರೆಗೆ, ಇದರ ಎಲ್ಲ ಭಾಜಕಗಳವರೆಗೆ ನಮಗೆ ನಿಖರವಾದ ತಿಳಿವಳಿಕೆ ಇದೆ. ಇದರ ರಚನೆ ಅತ್ಯಂತ ಸರಳವಾಗಿರುವುದೇ ಅದಕ್ಕೆ ಕಾರಣ.

ಬರೆಯುವ ಮತ್ತು ಓದುವ ಕ್ರಮ

ಭಾರತೀಯ ಕ್ರಮದಲ್ಲಿ ಅಲ್ಪವಿರಾಮಗಳನ್ನು ಹಾಕಿದರೆ ಈ ಸಂಖ್ಯೆ 1,84,46,74,40,73,70,95,51,615 ಎಂದಾಗುತ್ತದೆ. ಅಂತರರಾಷ್ಟ್ರೀಯ ಕ್ರಮದಲ್ಲಿ ಇದನ್ನು 18,446,744,073,709,551,615 ಎಂದು ಬರೆಯುತ್ತಾರೆ. ಕೋಟಿಯ ಲೆಕ್ಕದಲ್ಲಿ ಇದನ್ನು ಹೀಗೆ ಓದಬಹುದು: ಒಂದು ಲಕ್ಷದ ಎಂಬತ್ತನಾಲ್ಕು ಸಾವಿರದ ನಾಲ್ಕುನೂರ ಅರವತ್ತೇಳು ಕೋಟಿ ಕೋಟಿ, ನಲವತ್ತನಾಲ್ಕು ಲಕ್ಷದ ಏಳು ಸಾವಿರದ ಮುನ್ನೂರ ಎಪ್ಪತ್ತು ಕೋಟಿ, ತೊಂಬತ್ತೈದು ಲಕ್ಷದ ಐವತ್ತೊಂದು ಸಾವಿರದ ಆರುನೂರ ಹದಿನೈದು.

ಇಷ್ಟು ದೊಡ್ಡ ಸಂಖ್ಯೆಗೆ ನಮ್ಮ ನಿತ್ಯದ ಮಾತಿನಲ್ಲಿ ಸ್ಥಾನನಾಮಗಳು ಸಾಲುವುದಿಲ್ಲ. ಆದರೆ ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳ ಹೆಸರುಗಳನ್ನು ಕೊಟ್ಟಿದ್ದಾನೆ. ಆ ಪಟ್ಟಿಯಲ್ಲಿ ಇಪ್ಪತ್ತನೆಯ ಸ್ಥಾನ ಮಹಾಶಂಖ. ಅದರಂತೆ ಈ ಸಂಖ್ಯೆಯ ಮೊದಲ ಅಂಕಿ 1 ಮಹಾಶಂಖ ಸ್ಥಾನದಲ್ಲಿಯೂ, ಅನಂತರದ 8 ಶಂಖ ಸ್ಥಾನದಲ್ಲಿಯೂ, ಮುಂದಿನ ಎರಡು ನಾಲ್ಕುಗಳು ಕ್ರಮವಾಗಿ ಮಹಾಕ್ಷೋಣಿ ಮತ್ತು ಕ್ಷೋಣಿ ಸ್ಥಾನಗಳಲ್ಲಿಯೂ ಇವೆ. ಇಡೀ ಸಂಖ್ಯೆಯನ್ನು ಆ ಪಟ್ಟಿಯೊಳಗೇ ಓದಿ ಮುಗಿಸಬಹುದು. ಅದಾದ ಮೇಲೂ ನಾಲ್ಕು ಸ್ಥಾನಗಳು ಉಳಿಯುತ್ತವೆ.

ದಶಮಾನ ಪದ್ಧತಿಯಲ್ಲಿ ಈ ಸಂಖ್ಯೆಯ ಅಂಕಿಗಳಲ್ಲಿ ಯಾವ ಕ್ರಮವೂ ಕಾಣುವುದಿಲ್ಲ. ಕೇವಲ ಎರಡುಗಳ ಗುಣಾಕಾರದಿಂದ ಹುಟ್ಟಿದ ಸಂಖ್ಯೆಯಾದರೂ ಇದರಲ್ಲಿ 2 ಎಂಬ ಅಂಕಿ ಒಮ್ಮೆಯೂ ಬರುವುದಿಲ್ಲ. ಉಳಿದ ಒಂಬತ್ತು ಅಂಕಿಗಳೂ ಬರುತ್ತವೆ. ದ್ವಿಮಾನ ಪದ್ಧತಿಯಲ್ಲಿ ಬರೆದಾಗ ಇದರ ನಿಜವಾದ ರೂಪ ಪ್ರಕಟವಾಗುತ್ತದೆ. ಅಲ್ಲಿ ಇದು ಒಂದರ ಪಕ್ಕದಲ್ಲಿ ಒಂದರಂತೆ ಅರವತ್ನಾಲ್ಕು ಒಂದುಗಳ ಸಾಲು. ನಾಲ್ಕರ ಆಧಾರದಲ್ಲಿ ಮೂವತ್ತೆರಡು ಮೂರುಗಳು, ಎಂಟರ ಆಧಾರದಲ್ಲಿ ಒಂದು ಒಂದು ಮತ್ತು ಇಪ್ಪತ್ತೊಂದು ಏಳುಗಳು. ಷೋಡಶಮಾನದಲ್ಲಿ ಹದಿನೈದನ್ನು ಸೂಚಿಸುವ ‘ಎಫ್’ ಅಕ್ಷರವು ಹದಿನಾರು ಸಲ ಬರುತ್ತದೆ.

ಚದುರಂಗದ ಮಣೆ ಮತ್ತು ಕಾಳುಗಳು

ಚದುರಂಗವನ್ನು ರೂಪಿಸಿದ ಪಂಡಿತನಿಗೆ ಬೇಕಾದುದನ್ನು ಕೇಳೆಂದು ರಾಜನು ಹೇಳುತ್ತಾನೆ. ಆತನು ಮಣೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಪ್ರತಿ ಮನೆಗೂ ಹಿಂದಿನದರ ಇಮ್ಮಡಿಯಾಗಿ ಅರವತ್ನಾಲ್ಕು ಮನೆಗಳನ್ನೂ ತುಂಬಿಕೊಡಬೇಕೆಂದು ಬೇಡುತ್ತಾನೆ. ಅಲ್ಪವೆಂದು ತೋರಿದ ಈ ಬೇಡಿಕೆಯನ್ನು ಪೂರೈಸಲು ರಾಜ್ಯದ ಕಣಜಗಳೆಲ್ಲ ಬರಿದಾದರೂ ಸಾಲದೆಂಬುದು ಅನಂತರ ತಿಳಿಯುತ್ತದೆ. ಕಥೆ ಭಾರತದಲ್ಲಿ ನಡೆದಂತೆ ಹೇಳುತ್ತದೆ. ಹದಿಮೂರನೆಯ ಶತಮಾನದ ಇಬ್ನ್ ಖಲ್ಲಿಕಾನ್ ತನ್ನ ಅರಬ್ಬೀ ಜೀವನಚರಿತ್ರಕೋಶದಲ್ಲಿ ಇದನ್ನು ದಾಖಲಿಸಿದ್ದಾನೆ. ಪಂಡಿತನ ಹೆಸರು ಸಿಸ್ಸಾ ಎಂದು ಪ್ರಚಲಿತವಾಗಿದೆ. ಕೇರಳದ ಅಂಬಲಪ್ಪುಳದ ಕೃಷ್ಣ ದೇವಾಲಯದ ಹಾಲುಪಾಯಸದ ಐತಿಹ್ಯದಲ್ಲಿಯೂ ಇದೇ ಲೆಕ್ಕವಿದೆ. ಅಲ್ಲಿ ಶ್ರೀಕೃಷ್ಣನೇ ಋಷಿಯ ವೇಷದಲ್ಲಿ ಬಂದು ರಾಜನನ್ನು ಚದುರಂಗದಲ್ಲಿ ಸೋಲಿಸಿ ಅಕ್ಕಿಯನ್ನು ಕೇಳುತ್ತಾನೆ. ತೀರಿಸಲಾಗದ ಆ ಸಾಲವನ್ನು ಪಾಯಸದ ರೂಪದಲ್ಲಿ ನಿತ್ಯವೂ ಸಲ್ಲಿಸಲಾಗುತ್ತಿದೆ ಎಂಬುದು ನಂಬಿಕೆ.

ಮಣೆಯ ಮೇಲಿನ ಕಾಳುಗಳ ಮೊತ್ತ 1 + 2 + 4 + 8 + … + 2⁶³. ಇದು ಸಾಮಾನ್ಯ ಅನುಪಾತ 2 ಇರುವ ಗುಣೋತ್ತರ ಶ್ರೇಢಿ. ಈ ಮೊತ್ತವನ್ನು ಇಮ್ಮಡಿಗೊಳಿಸಿದರೆ 2 + 4 + 8 + … + 2⁶⁴ ಆಗುತ್ತದೆ. ಇಮ್ಮಡಿಯಿಂದ ಮೂಲವನ್ನು ಕಳೆದಾಗ ನಡುವಣ ಪದಗಳೆಲ್ಲ ಅಳಿದು 2⁶⁴ − 1 ಮಾತ್ರ ಉಳಿಯುತ್ತದೆ. ಅಂದರೆ ಯಾವುದೇ ಮನೆಯವರೆಗಿನ ಒಟ್ಟು ಕಾಳುಗಳು ಮುಂದಿನ ಮನೆಯ ಕಾಳುಗಳಿಗಿಂತ ಯಾವಾಗಲೂ ಒಂದು ಕಡಿಮೆ.

ಪ್ರಮಾಣದ ಕಲ್ಪನೆಗಾಗಿ ಒಂದು ಅಕ್ಕಿ ಕಾಳಿನ ತೂಕ ಸುಮಾರು 25 ಮಿಲಿಗ್ರಾಂ ಎಂದು ಇಟ್ಟುಕೊಳ್ಳೋಣ. ಮಣೆಯ ಮೊದಲರ್ಧದ 32 ಮನೆಗಳಲ್ಲಿ 4294967295 ಕಾಳುಗಳು, ಅಂದರೆ ಸುಮಾರು 107 ಟನ್ ಅಕ್ಕಿ ತುಂಬುತ್ತದೆ. ಹತ್ತು ಟನ್ ಹೊರುವ ಹನ್ನೊಂದು ಲಾರಿಗಳಿಗೆ ಇದು ಸಾಕು. ರಾಜನೊಬ್ಬನಿಗೆ ಇದು ಹೊರೆಯೇನಲ್ಲ. ಆದರೆ ಇಡೀ ಮಣೆಗೆ ಬೇಕಾಗುವುದು ಸುಮಾರು 46,100 ಕೋಟಿ ಟನ್. ಇಂದು ಪ್ರಪಂಚದಲ್ಲಿ ವರ್ಷಕ್ಕೆ ಉತ್ಪಾದನೆಯಾಗುವ ಅಕ್ಕಿ ಸುಮಾರು 50 ಕೋಟಿ ಟನ್ನಿನಷ್ಟು. ಆ ಪ್ರಮಾಣದಲ್ಲಿ ಒಂಬೈನೂರಕ್ಕೂ ಹೆಚ್ಚು ವರ್ಷಗಳ ಬೆಳೆಯನ್ನು ಒಂದು ಕಾಳೂ ಉಣ್ಣದೆ ಕೂಡಿಡಬೇಕಾಗುತ್ತದೆ. ರಾಜನಿಗೆ ಮೋಸವಾಗುವುದು ಮಣೆಯ ದ್ವಿತೀಯಾರ್ಧದಲ್ಲಿ. ಇಮ್ಮಡಿಸುವಿಕೆಯ ಬೆಳವಣಿಗೆ ಆರಂಭದಲ್ಲಿ ಮಂದವಾಗಿ ಕಾಣುವುದರಿಂದಲೇ ಅದರ ಮುಂದಿನ ವೇಗವನ್ನು ಊಹಿಸುವುದು ಕಷ್ಟ. ಸಾಂಕ್ರಾಮಿಕ ರೋಗದ ಹರಡುವಿಕೆ, ಚಕ್ರಬಡ್ಡಿಯ ಸಾಲ ಮುಂತಾದವುಗಳಲ್ಲಿಯೂ ಇದೇ ಬಗೆಯ ಬೆಳವಣಿಗೆ ಕಾಣಬರುತ್ತದೆ.

ಲೆಕ್ಕ ಮಾಡುವ ವಿಧಾನಗಳು

ಈ ಮೊತ್ತವನ್ನು ಪಡೆಯಲು ಅರವತ್ನಾಲ್ಕು ಸಲ ಇಮ್ಮಡಿಗೊಳಿಸಬೇಕಾಗಿಲ್ಲ. ಹನ್ನೊಂದನೆಯ ಶತಮಾನದ ಆರಂಭದ ಸುಮಾರಿಗೆ ಅಲ್‌ಬಿರೂನಿಯು ತನ್ನ ಕಾಲಗಣನೆಯ ಗ್ರಂಥದಲ್ಲಿ ವರ್ಗೀಕರಣದ ಮೂಲಕ ಈ ಸಂಖ್ಯೆಯನ್ನು ನಿಖರವಾಗಿ ಕಂಡುಹಿಡಿದು ಕೊಟ್ಟಿದ್ದಾನೆ. ಐದನೆಯ ಮನೆಯ 16ನ್ನು ವರ್ಗ ಮಾಡಿದರೆ ಒಂಬತ್ತನೆಯ ಮನೆಯ 256. ಅದರ ವರ್ಗ ಹದಿನೇಳನೆಯ ಮನೆಯ 65536. ಅದರ ವರ್ಗ ಮೂವತ್ತಮೂರನೆಯ ಮನೆಯ 4294967296. ಮತ್ತೊಮ್ಮೆ ವರ್ಗ ಮಾಡಿದರೆ ಮಣೆಯಲ್ಲಿ ಇಲ್ಲದ ಅರವತ್ತೈದನೆಯ ಮನೆಯ ಸಂಖ್ಯೆ 18446744073709551616 ದೊರೆಯುತ್ತದೆ. ಅದರಿಂದ ಒಂದನ್ನು ಕಳೆದರೆ ಉತ್ತರ.

ಇದೇ ತತ್ತ್ವ ಭಾರತದಲ್ಲಿ ಅದಕ್ಕೂ ಬಹಳ ಹಿಂದೆಯೇ ಪಿಂಗಳನ ಛಂದಃಶಾಸ್ತ್ರದಲ್ಲಿದೆ. ಪದ್ಯದ ಒಂದು ಪಾದದ ಪ್ರತಿಯೊಂದು ಅಕ್ಷರವೂ ಲಘು ಅಥವಾ ಗುರು ಆಗಿರಬೇಕಾದುದರಿಂದ, ಅಕ್ಷರಗಳ ಸಂಖ್ಯೆ ಒಂದೊಂದು ಹೆಚ್ಚಿದಂತೆಲ್ಲ ಸಾಧ್ಯವಾದ ವಿನ್ಯಾಸಗಳು ಇಮ್ಮಡಿಯಾಗುತ್ತವೆ. ಕನ್ನಡ ಚಂಪೂಕಾವ್ಯಗಳಲ್ಲಿ ಪರಿಚಿತವಾದ ಉತ್ಪಲಮಾಲೆಯ ಪಾದದಲ್ಲಿ ಇಪ್ಪತ್ತು ಅಕ್ಷರಗಳಿವೆ. ಇಪ್ಪತ್ತು ಅಕ್ಷರಗಳಿಗೆ ಸಾಧ್ಯವಿರುವ ಲಘು ಗುರು ವಿನ್ಯಾಸಗಳು 2²⁰, ಅಂದರೆ 10,48,576. ಅವುಗಳಲ್ಲಿ ಒಂದು ಉತ್ಪಲಮಾಲೆ. ವಿನ್ಯಾಸಗಳ ಸಂಖ್ಯೆಯನ್ನು ತಿಳಿಯಲು ಪಿಂಗಳನು ಹೇಳುವ ಕ್ರಮ ಹೀಗಿದೆ: ಅಕ್ಷರಸಂಖ್ಯೆ ಸಮವಾಗಿದ್ದರೆ ಅರ್ಧ ಮಾಡಬೇಕು, ಬೆಸವಾಗಿದ್ದರೆ ಒಂದನ್ನು ಕಳೆಯಬೇಕು, ಸೊನ್ನೆ ಬರುವವರೆಗೆ ಹೀಗೆಯೇ ಮುಂದುವರಿಯಬೇಕು. ಬಳಿಕ ಒಂದರಿಂದ ಆರಂಭಿಸಿ ಹಿಂದಿರುಗುವಾಗ, ಒಂದನ್ನು ಕಳೆದ ಕಡೆ ಇಮ್ಮಡಿಸಬೇಕು, ಅರ್ಧ ಮಾಡಿದ ಕಡೆ ವರ್ಗ ಮಾಡಬೇಕು.

ಅರವತ್ನಾಲ್ಕು ಅಕ್ಷರಗಳ ಪಾದವೊಂದನ್ನು ಕಲ್ಪಿಸಿಕೊಂಡರೆ 64, 32, 16, 8, 4, 2, 1 ಎಂದು ಆರು ಸಲ ಅರ್ಧವಾಗಿ, ಕೊನೆಗೆ ಒಂದನ್ನು ಕಳೆದಾಗ ಸೊನ್ನೆ ಬರುತ್ತದೆ. ಹಿಂದಿರುಗುವಾಗ ಒಂದು ಇಮ್ಮಡಿಸುವಿಕೆ, ಆರು ವರ್ಗಗಳು: 2, 4, 16, 256, 65536, 4294967296, 18446744073709551616. ಏಳು ಹೆಜ್ಜೆಗಳಲ್ಲಿ ಲೆಕ್ಕ ಮುಗಿಯುತ್ತದೆ. ಮಹಾವೀರಾಚಾರ್ಯನು ಗುಣೋತ್ತರ ಶ್ರೇಢಿಯ ಮೊತ್ತಕ್ಕೆ ಹೇಳಿರುವ ನಿಯಮಗಳಲ್ಲಿಯೂ ಇದೇ ಅರ್ಧ ಮತ್ತು ವರ್ಗದ ಕ್ರಮ ಬಳಕೆಯಾಗಿದೆ.

ಅವಿಭಾಜ್ಯ ಅಪವರ್ತನಗಳು

2⁶⁴ − 1 ಅವಿಭಾಜ್ಯ ಸಂಖ್ಯೆಯಲ್ಲ. ಕೊನೆಯ ಅಂಕಿ 5 ಆಗಿರುವುದರಿಂದ ಇದು 5ರಿಂದ ಭಾಗವಾಗುತ್ತದೆ. ಅಂಕಿಗಳ ಮೊತ್ತ 87; ಅದು 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಆದ್ದರಿಂದ ಮೂಲಸಂಖ್ಯೆಯೂ 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ.

ಉಳಿದ ಅಪವರ್ತನಗಳನ್ನು ಪ್ರೌಢಶಾಲೆಯ ಬೀಜಗಣಿತದಲ್ಲಿ ಕಲಿಯುವ ವರ್ಗಗಳ ವ್ಯತ್ಯಾಸದ ಸೂತ್ರದಿಂದಲೇ ಪಡೆಯಬಹುದು. 2⁶⁴ ಎಂಬುದು 2³²ರ ವರ್ಗ. ಆದ್ದರಿಂದ 2⁶⁴ − 1 = (2³² − 1)(2³² + 1). ಮೊದಲನೆಯ ಆವರಣಕ್ಕೆ ಅದೇ ಸೂತ್ರವನ್ನು ಮತ್ತೆ ಮತ್ತೆ ಅನ್ವಯಿಸಿದರೆ ಹೀಗಾಗುತ್ತದೆ:

2⁶⁴ − 1 = 3 × 5 × 17 × 257 × 65537 × 4294967297

ಬಲಗಡೆಯ ಆರು ಸಂಖ್ಯೆಗಳನ್ನು ಫರ್ಮಾ ಸಂಖ್ಯೆಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಮೊದಲ ಐದು ಅವಿಭಾಜ್ಯಗಳು. ಇದೇ ಕ್ರಮದಲ್ಲಿ ಬರುವ ಎಲ್ಲ ಸಂಖ್ಯೆಗಳೂ ಅವಿಭಾಜ್ಯವಾಗಿರುತ್ತವೆಯೆಂದು ಫ್ರಾನ್ಸಿನ ಪಿಯರ್ ಡಿ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ಅಭಿಪ್ರಾಯಪಟ್ಟಿದ್ದನು. ಸುಮಾರು ತೊಂಬತ್ತು ವರ್ಷಗಳ ಬಳಿಕ, 1732ರಲ್ಲಿ, ಲಿಯೊನಾರ್ಡ್ ಆಯ್ಲರ್ ಆರನೆಯ ಸಂಖ್ಯೆಯನ್ನು ಒಡೆದು ತೋರಿಸಿದನು:

4294967297 = 641 × 6700417

ಇದರಿಂದ ಫರ್ಮಾನ ಊಹೆ ಸುಳ್ಳಾಯಿತು. ಅಲ್ಲಿಂದ ಇಂದಿನವರೆಗೆ 65537ಕ್ಕಿಂತ ದೊಡ್ಡದಾದ ಒಂದೇ ಒಂದು ಫರ್ಮಾ ಅವಿಭಾಜ್ಯವೂ ದೊರೆತಿಲ್ಲ. 4294967297ಕ್ಕೆ ಯಾವುದೇ ಅವಿಭಾಜ್ಯ ಭಾಜಕವಿದ್ದರೂ ಅದನ್ನು 64ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕೆಂದು ಆಯ್ಲರ್ ಅನಂತರ ಸಾಧಿಸಿದನು. ಆ ಬಗೆಯ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಹೀಗೆ ಆರಿಸಿಕೊಂಡರೆ ಐದನೆಯ ಪ್ರಯತ್ನದಲ್ಲೇ ಉತ್ತರ ಸಿಗುತ್ತದೆ.

641ರಿಂದ 2³² + 1 ಭಾಗವಾಗುತ್ತದೆಂಬುದನ್ನು ದೊಡ್ಡ ಭಾಗಾಕಾರವಿಲ್ಲದೆಯೂ ತೋರಿಸಬಹುದು. 641ನ್ನು ಎರಡು ರೀತಿಯಲ್ಲಿ ಬರೆಯಬಹುದು: 641 = 640 + 1 = 5 × 2⁷ + 1; ಹಾಗೂ 641 = 625 + 16 = 5⁴ + 2⁴. ಮೊದಲನೆಯದರಿಂದ, 640⁴ − 1 ಎಂಬುದರಲ್ಲಿ 640 + 1 ಒಂದು ಅಪವರ್ತನವಾದ್ದರಿಂದ, 5⁴ × 2²⁸ − 1 ಎಂಬುದು 641ರಿಂದ ಭಾಗವಾಗುತ್ತದೆ. ಎರಡನೆಯದನ್ನು 2²⁸ರಿಂದ ಗುಣಿಸಿದರೆ 5⁴ × 2²⁸ + 2³² ಎಂಬುದೂ 641ರಿಂದ ಭಾಗವಾಗುತ್ತದೆ. ಈ ಎರಡರ ವ್ಯತ್ಯಾಸವೇ 2³² + 1. ಎರಡೂ 641ರಿಂದ ಭಾಗವಾಗುವುದರಿಂದ ಅವುಗಳ ವ್ಯತ್ಯಾಸವೂ ಭಾಗವಾಗಲೇಬೇಕು.

ಹೀಗೆ ಈ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು ಒಟ್ಟು ಏಳು: 3, 5, 17, 257, 641, 65537 ಮತ್ತು 6700417. ಒಂದೊಂದೂ ಒಮ್ಮೆ ಮಾತ್ರ ಬರುವುದರಿಂದ ಇದು 1ಕ್ಕಿಂತ ದೊಡ್ಡದಾದ ಯಾವ ವರ್ಗಸಂಖ್ಯೆಯಿಂದಲೂ ಭಾಗವಾಗುವುದಿಲ್ಲ. ಪ್ರತಿ ಅಪವರ್ತನವನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. ಆದ್ದರಿಂದ 1 ಮತ್ತು ಸಂಖ್ಯೆಯೇ ಸೇರಿದಂತೆ ಇದಕ್ಕೆ 2⁷, ಅಂದರೆ 128 ಭಾಜಕಗಳಿವೆ.

ಬಹುಭುಜಾಕೃತಿಗಳೊಡನೆ ಸಂಬಂಧ

ಮೊದಲ ಐದು ಫರ್ಮಾ ಸಂಖ್ಯೆಗಳ ಗುಣಲಬ್ಧ 4294967295, ಅಂದರೆ 2³² − 1. ಈ ಸಂಖ್ಯೆಗೆ ರೇಖಾಗಣಿತದಲ್ಲಿ ವಿಶೇಷ ಸ್ಥಾನವಿದೆ. ಕೈವಾರ ಮತ್ತು ಗುರುತುಗಳಿಲ್ಲದ ಪಟ್ಟಿಯನ್ನು ಮಾತ್ರ ಬಳಸಿ ಯಾವ ಸಮಬಾಹು ಸಮಕೋನ ಬಹುಭುಜಾಕೃತಿಗಳನ್ನು ರಚಿಸಬಹುದು ಎಂಬುದು ಗ್ರೀಕರ ಕಾಲದ ಪ್ರಶ್ನೆ. ಕಾರ್ಲ್ ಫ್ರೆಡ್ರಿಕ್ ಗೌಸ್ 1796ರಲ್ಲಿ ಹದಿನೇಳು ಭುಜಗಳ ಆಕೃತಿಯನ್ನು ರಚಿಸಬಹುದೆಂದು ಕಂಡುಕೊಂಡನು. ಭುಜಗಳ ಸಂಖ್ಯೆ ಬೆಸವಾಗಿದ್ದರೆ ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕೆಂಬ ನಿಯಮ ಮುಂದೆ ಸ್ಥಿರಪಟ್ಟಿತು. ಅದರ ಸಾಧನೆಯನ್ನು 1837ರಲ್ಲಿ ಪಿಯರ್ ವಾಂಟ್ಸೆಲ್ ಪೂರ್ಣಗೊಳಿಸಿದನು. ತಿಳಿದಿರುವ ಫರ್ಮಾ ಅವಿಭಾಜ್ಯಗಳು ಐದೇ ಆದ್ದರಿಂದ ಅಂತಹ ಬೆಸಭುಜಗಳ ಆಕೃತಿಗಳು 31 ಮಾತ್ರ. ಅವುಗಳಲ್ಲಿ ಅತಿ ಹೆಚ್ಚು ಭುಜಗಳಿರುವುದು 4294967295 ಭುಜಗಳ ಆಕೃತಿ. 2⁶⁴ − 1ರಲ್ಲಿ 641 ಮತ್ತು 6700417 ಸೇರಿಕೊಂಡಿರುವುದರಿಂದ ಅಷ್ಟು ಭುಜಗಳ ಆಕೃತಿಯನ್ನು ಈ ಸಾಧನಗಳಿಂದ ರಚಿಸುವುದು ತತ್ತ್ವತಃ ಅಸಾಧ್ಯ.

ಹನೋಯ್ ಗೋಪುರ

ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ 1883ರಲ್ಲಿ ಹನೋಯ್ ಗೋಪುರವೆಂಬ ಆಟಿಕೆಯನ್ನು ಪ್ರಚುರಪಡಿಸಿದನು. ಮೂರು ಕಂಬಗಳಲ್ಲಿ ಒಂದರ ಮೇಲೆ ಗಾತ್ರಾನುಸಾರ ಪೇರಿಸಿದ ಬಿಲ್ಲೆಗಳನ್ನು, ಒಂದು ಸಲಕ್ಕೆ ಒಂದರಂತೆ, ದೊಡ್ಡದನ್ನು ಚಿಕ್ಕದರ ಮೇಲೆ ಇಡದೆ, ಇನ್ನೊಂದು ಕಂಬಕ್ಕೆ ಸಾಗಿಸಬೇಕು. ಅತಿ ದೊಡ್ಡ ಬಿಲ್ಲೆಯನ್ನು ಕದಲಿಸುವ ಮೊದಲು ಮೇಲಿನವುಗಳನ್ನೆಲ್ಲ ಒಮ್ಮೆ, ಕದಲಿಸಿದ ಮೇಲೆ ಮತ್ತೊಮ್ಮೆ ಸಾಗಿಸಬೇಕು. ಆದ್ದರಿಂದ ಬಿಲ್ಲೆಯೊಂದು ಹೆಚ್ಚಿದರೆ ಚಲನೆಗಳು ಇಮ್ಮಡಿಯಾಗಿ ಅದರ ಮೇಲೆ ಒಂದು ಹೆಚ್ಚುತ್ತವೆ: 1, 3, 7, 15, 31… ಅರವತ್ನಾಲ್ಕು ಬಿಲ್ಲೆಗಳಿಗೆ ಕನಿಷ್ಠ ಚಲನೆಗಳು 2⁶⁴ − 1.

ಕಾಶಿಯ ದೇವಾಲಯವೊಂದರಲ್ಲಿ ಅರ್ಚಕರು ಅರವತ್ನಾಲ್ಕು ಚಿನ್ನದ ಬಿಲ್ಲೆಗಳನ್ನು ಹಗಲಿರುಳು ಸಾಗಿಸುತ್ತಿದ್ದಾರೆ, ಕೆಲಸ ಮುಗಿದಾಗ ಪ್ರಳಯವಾಗುತ್ತದೆ ಎಂಬ ಕಥೆಯೂ ಈ ಆಟದೊಡನೆ ಹರಡಿತು. ಇದು ಆಟಿಕೆಯ ಆಕರ್ಷಣೆಗಾಗಿ ಫ್ರಾನ್ಸಿನಲ್ಲಿ ಹುಟ್ಟಿದ ಕಥೆಯೇ ಹೊರತು ಕಾಶಿಯ ಸಂಪ್ರದಾಯವಲ್ಲ. ಸೆಕೆಂಡಿಗೆ ಒಂದರಂತೆ ಸಾಗಿಸಿದರೂ ಈ ಕೆಲಸಕ್ಕೆ ಸುಮಾರು 58,450 ಕೋಟಿ ವರ್ಷಗಳು ಬೇಕು. ವಿಶ್ವದ ಈಗಿನ ವಯಸ್ಸು ಸುಮಾರು 1,380 ಕೋಟಿ ವರ್ಷಗಳು. ಬೇಕಾಗುವ ಕಾಲ ಅದರ ನಲವತ್ತೆರಡು ಪಟ್ಟಿನಷ್ಟು.

ಗಣಕಯಂತ್ರಗಳಲ್ಲಿ

ಗಣಕಯಂತ್ರವು ಸಂಖ್ಯೆಯನ್ನು ಸೊನ್ನೆ ಮತ್ತು ಒಂದುಗಳ ಸಾಲಾಗಿ ಇಟ್ಟುಕೊಳ್ಳುತ್ತದೆ. 64 ಸ್ಥಾನಗಳಲ್ಲಿಯೂ ಒಂದೇ ತುಂಬಿದಾಗ ಬರುವ ಬೆಲೆ 18446744073709551615. ಋಣಸಂಖ್ಯೆಗಳಿಗೂ ಅವಕಾಶ ಬೇಕಾದಾಗ ಮಿತಿ ಅರ್ಧಕ್ಕಿಳಿದು 9223372036854775807 ಆಗುತ್ತದೆ. ತುಂಬಿದ ಸಾಲಿಗೆ ಇನ್ನೂ ಒಂದನ್ನು ಕೂಡಿಸಿದರೆ ಅರವತ್ತೈದನೆಯ ಸ್ಥಾನವಿಲ್ಲದ ಕಾರಣ ಎಲ್ಲ ಸ್ಥಾನಗಳೂ ಸೊನ್ನೆಯಾಗುತ್ತವೆ. ವಾಹನದ ಮೈಲಿಮಾಪಕವು 99999 ದಾಟಿದೊಡನೆ 00000ಕ್ಕೆ ತಿರುಗುವಂತಹ ಸ್ಥಿತಿ ಇದು. ಸೊನ್ನೆಯಿಂದ ಒಂದನ್ನು ಕಳೆದರೆ ತದ್ವಿರುದ್ಧವಾಗಿ ಈ ಮಹಾಸಂಖ್ಯೆಯೇ ಎದ್ದು ನಿಲ್ಲುತ್ತದೆ.

ಈ ಮಿತಿಯನ್ನು ಪರೀಕ್ಷಿಸದೆ ಬಿಟ್ಟರೆ ಆಗುವ ಅನಾಹುತಕ್ಕೆ ಬಿಟ್‌ಕಾಯಿನ್ ಜಾಲದಲ್ಲಿ ನಡೆದ ಘಟನೆ ಉದಾಹರಣೆ. 2010ರ ಆಗಸ್ಟ್ 15ರಂದು ಒಂದು ವ್ಯವಹಾರದಲ್ಲಿ ತಲಾ ಸುಮಾರು 9,223 ಕೋಟಿ ಬಿಟ್‌ಕಾಯಿನ್‌ಗಳ ಎರಡು ಪಾವತಿಗಳು ಸೃಷ್ಟಿಯಾದವು. ಎಂದೆಂದಿಗೂ ಇರಬಹುದಾದ ಒಟ್ಟು ಬಿಟ್‌ಕಾಯಿನ್‌ಗಳೇ 2.1 ಕೋಟಿ. ಒಂದು ಬಿಟ್‌ಕಾಯಿನ್ ಎಂದರೆ ಹತ್ತು ಕೋಟಿ ಕಿರುಘಟಕಗಳು. ಆ ಘಟಕಗಳಲ್ಲಿ ಎರಡು ಪಾವತಿಗಳ ಮೊತ್ತ 2⁶⁴ಕ್ಕೆ ಅತಿ ಸಮೀಪವಾಗಿತ್ತು. ಧನ ಮತ್ತು ಋಣ ಎರಡನ್ನೂ ಹಿಡಿಯುವ 64 ಬಿಟ್‌ಗಳಲ್ಲಿ ಆ ಮೊತ್ತ ಮಿತಿ ಮೀರಿ ಚಿಕ್ಕ ಋಣಸಂಖ್ಯೆಯಂತೆ ತೋರಿದ್ದರಿಂದ ತಪಾಸಣೆಯ ಕಣ್ಣಿಗೆ ಬೀಳಲಿಲ್ಲ. ಕೆಲವೇ ಗಂಟೆಗಳಲ್ಲಿ ತಂತ್ರಾಂಶವನ್ನು ತಿದ್ದಿ ಆ ವ್ಯವಹಾರವನ್ನು ರದ್ದುಗೊಳಿಸಲಾಯಿತು.

ಸಾಮಾನ್ಯ ಗೊಂದಲಗಳು

ವಿದ್ಯಾರ್ಥಿಗಳು ಮೂರು ಸಂಖ್ಯೆಗಳನ್ನು ಪ್ರತ್ಯೇಕವಾಗಿ ನೆನಪಿಡಬೇಕು. ಚದುರಂಗದ ಅರವತ್ನಾಲ್ಕನೆಯ ಮನೆಯೊಂದರಲ್ಲೇ ಇರುವ ಕಾಳುಗಳು 2⁶³, ಅಂದರೆ 9223372036854775808. ಇಡೀ ಮಣೆಯ ಮೊತ್ತ 2⁶⁴ − 1. 64 ಬಿಟ್‌ಗಳಲ್ಲಿ ಸಾಧ್ಯವಾದ ವಿನ್ಯಾಸಗಳು 2⁶⁴. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಅವುಗಳಲ್ಲಿ ಅತಿ ದೊಡ್ಡ ಬೆಲೆ ಒಂದು ಕಡಿಮೆ.

ಸಾಮಾನ್ಯ ಕ್ಯಾಲ್ಕುಲೇಟರ್‌ಗಳೂ ಕೋಷ್ಟಕ ತಂತ್ರಾಂಶಗಳೂ ಸುಮಾರು ಹದಿನೈದು ಅಂಕಿಗಳವರೆಗೆ ಮಾತ್ರ ನಿಖರವಾಗಿರುತ್ತವೆ. ಅವುಗಳಲ್ಲಿ ಈ ಸಂಖ್ಯೆಯನ್ನು ನಮೂದಿಸಿದರೆ ಕೊನೆಯ ಅಂಕಿಗಳು ಸೊನ್ನೆಗಳಾಗಿ ಮಾರ್ಪಡುವುದುಂಟು. ಅಂತಹ ಉತ್ತರವನ್ನು ಗುರುತಿಸಲು ಸುಲಭವಾದ ಪರೀಕ್ಷೆಯೊಂದಿದೆ. ಎರಡರ ಘಾತಗಳ ಕೊನೆಯ ಅಂಕಿಗಳು 2, 4, 8, 6 ಎಂಬ ಕ್ರಮದಲ್ಲಿ ಮರುಕಳಿಸುತ್ತವೆ. 64 ನಾಲ್ಕರಿಂದ ಭಾಗವಾಗುವುದರಿಂದ 2⁶⁴ರ ಕೊನೆಯ ಅಂಕಿ 6. ಆದ್ದರಿಂದ ನಮ್ಮ ಸಂಖ್ಯೆಯ ಕೊನೆಯ ಅಂಕಿ 5 ಆಗಿರಲೇಬೇಕು. ಕೊನೆಯಲ್ಲಿ ಸೊನ್ನೆಗಳಿರುವ ಯಾವುದೇ ರೂಪ ಕೇವಲ ಅಂದಾಜು. ನಿಖರ ಉತ್ತರ ಬೇಕಾದವರು 4294967295ನ್ನು 4294967297ರಿಂದ ಕಾಗದದ ಮೇಲೆ ಗುಣಿಸಿ ನೋಡಬಹುದು. ಇಪ್ಪತ್ತು ಅಂಕಿಗಳೂ ಒಂದೂ ತಪ್ಪದೆ ದೊರೆಯುತ್ತವೆ.